ಚಿಲುಮೆ ಬಿಡೂದು ಒಂದು ದಿನ, ಉಳಿಸಿಕೊಳ್ಳೂದು ವರ್ಷದ ಬೇಸಾಯ

ನಮ್ಮ ಕಡೆ ಶ್ರಾವಣ ಬಂತೆಂದರೆ ಎಷ್ಟೋ ಮಂದಿ ಕುಡಿತ ಬಿಡುತ್ತಾರೆ, ಗಾಂಜಾ ಚಿಲುಮೆ ಕೆಳಗಿಡುತ್ತಾರೆ. ತಿಂಗಳು ಪೂರ್ತಿ ಕೈ ಹಚ್ಚುವುದಿಲ್ಲ. ಶ್ರಾವಣ ಮುಗಿದ ಮರುದಿನ ಮತ್ತೆ ಅದೇ ಕಟ್ಟೆ, ಅದೇ ಹೊಗೆ. ಇದಕ್ಕೆ ನಗಬೇಕಾಗಿಲ್ಲ. 30 ದಿನ ಬಿಟ್ಟವನಿಗೆ ಬಿಡುವ ತಾಕತ್ತು ಐತಿ ಅನ್ನೋದಂತೂ ಖಾತ್ರಿ ಆಯಿತು. ಕಡಿಮೆ ಬೀಳುವುದು ಬಿಟ್ಟ ಮೇಲೆ ಮಾಡುವ ಕೆಲಸ.

ಹೊಲದಾಗಿನ ಕರಕಿ ಎಲ್ಲರಿಗೂ ಗೊತ್ತು. ಮೇಲೆ ಕೊಯ್ದರೆ ಹೊಲ ಸ್ವಚ್ಛ ಕಾಣುತ್ತದೆ. ಒಂದು ಮಳೆ ಬಿದ್ದರೆ ಮತ್ತೆ ಹಸಿರು. ಬ್ಯಾಸಿಗ್ಯಾಗ ಆಳವಾಗಿ ನೇಗಿಲು ಹೊಡೆದು, ಬೇರು ಆರಿಸಿ, ಬಿಸಿಲಿಗೆ ಹಾಕಿದವನ ಹೊಲದಾಗ ಮಾತ್ರ ಅದು ಸೋಲುತ್ತದೆ. ಗಾಂಜಾ ಚಟವೂ ಹಂಗೇ.

ನಮ್ಮ ಬದುವಿಗೆ ಹೊಂದಿ ಹೊಲ ಇರುವ ಒಬ್ಬ ರೈತ, ಹೆಸರು ಬೇಡ. 4 ಎಕರೆ ಒಣಭೂಮಿ. ಕಬ್ಬು ಕಡಿಯಲು ಹೋದಲ್ಲಿ ಮೈನೋವಿಗೆಂದು ಹತ್ತಿಸಿಕೊಂಡ ಚಟ. ಎರಡು ವರ್ಷ ಹಿಂಗಾರಿ ಜೋಳ ಬಿತ್ತುವ ಹದ ತಪ್ಪಿಸಿದ. ಎತ್ತಿನ ಜೋಡಿ ಮೂಡಲಗಿ ದನದ ಸಂತೆಗೆ ಹೋಯಿತು. ಎರಡು ಸಲ ಬಿಟ್ಟು ಎರಡು ಸಲವೂ ತಿರುಗಿ ಹಿಡಿದ. ಮೂರನೇ ಸಲ ಬಿಟ್ಟದ್ದು ನಿಂತಿದೆ, ಈಗ ನಾಲ್ಕನೇ ಹಿಂಗಾರಿ. ಅವನಿಂದ ಮತ್ತು ಡಾಕ್ಟರರಿಂದ ನಾನು ತಿಳಿದುಕೊಂಡದ್ದು ಇಷ್ಟು.

ಮೊದಲ ಹದಿನೈದು ದಿನ: ಬಿಟ್ಟ ಒಂದರಿಂದ ಮೂರು ದಿನದೊಳಗೆ ಕಾಟ ಶುರು. ಸಿಟ್ಟು, ಚಡಪಡಿಕೆ, ಊಟ ಸೇರದು, ನಿದ್ದೆ ಬಾರದು, ಬೆವರು, ತಲೆನೋವು. ಮೊದಲ ವಾರ ಜೋರು, ಎರಡು ವಾರಕ್ಕೆ ಬಹಳಷ್ಟು ಇಳಿಯುತ್ತದೆ. ನಿದ್ದೆ ಕೆಡುವುದು, ಕೆಟ್ಟ ಕನಸು ತಿಂಗಳ ಮೇಲೂ ಇರಬಹುದು. "ಗಾಂಜಾ ಇಲ್ಲದ ನನಗ ನಿದ್ದಿನೇ ಇಲ್ರಿ" ಅಂತ ತಿರುಗಿ ಹಿಡಿಯುವವರು ಇಲ್ಲೇ ಬೀಳುತ್ತಾರೆ. ಇದು ಇಳಿಯುವ ಕಾಟ ಅಂತ ಮೊದಲೇ ಗೊತ್ತಿದ್ದರೆ ತಡಕೊಳ್ಳಬಹುದು. ಬಿತ್ತನೆ, ಸುಗ್ಗಿಯ ಗಡಿಬಿಡಿ ಇಲ್ಲದ ದಿನ ನೋಡಿ ಬಿಡುವುದು ಒಳ್ಳೆಯದು. ಮನೆಯವರು ಆ ಎರಡು ವಾರ ಅವನ ಸಿಟ್ಟಿಗೆ ಎದುರು ಸಿಟ್ಟು ಮಾಡಬಾರದು.

ಎಚ್ಚರ ಬೇಕಾದಲ್ಲಿ: ದಿನಾ ಸೆರೆ ಕುಡಿಯುವ ಚಟವೂ ಇದ್ದರೆ ಡಾಕ್ಟರರನ್ನು ಕೇಳದೆ ಸೆರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬಂದು ಜೀವಕ್ಕೆ ಅಪಾಯ ಆದೀತು. ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳುವುದು, ಎಲ್ಲರ ಮೇಲೂ ಸಂಶಯ, ಸಾಯುವ ಮಾತು ಇವು ಕಂಡರೆ ಅದೇ ದಿನ ಆಸ್ಪತ್ರೆ. ಊಟದಲ್ಲಿ ಗೊತ್ತಾಗದಂತೆ ಹಾಕುವ ಪುಡಿ ಮಾರುವವರನ್ನು ನಂಬಬೇಡಿ. ಈ ಚಟಕ್ಕೆಂದೇ ಒಪ್ಪಿತವಾದ ಗುಳಿಗೆ ಇನ್ನೂ ಇಲ್ಲ. ಕೂತು ಮಾತಾಡಿಸಿ ದಾರಿ ಹಚ್ಚುವುದೇ ಮುಖ್ಯ ಚಿಕಿತ್ಸೆ.

ಬೇರು ಆರಿಸುವುದು: ನಮ್ಮ ರೈತ ಮೊದಲೆರಡು ಸಲ ಚಿಲುಮೆ ಬಿಟ್ಟ, ಕಟ್ಟೆ ಬಿಡಲಿಲ್ಲ. ಮೂರನೇ ಸಲ ಆ ದಾರಿಯನ್ನೇ ಬಿಟ್ಟು ಅರ್ಧ ಮೈಲು ಸುತ್ತಿ ಹೊಲಕ್ಕೆ ಹೋದ. ಚಿಲುಮೆ, ಅರಿವೆ, ಉಳಿದ ಪುಡಿ ಎಲ್ಲಾ ಸುಟ್ಟ. ಹೊತ್ತು ಮುಳುಗುವಾಗ ಕೈ ಖಾಲಿ ಇರಬಾರದೆಂದು ಎಮ್ಮೆ ಹಿಂಡುವ ಕೆಲಸ ಹೆಂಡತಿಯಿಂದ ತಾನು ತಗೊಂಡ. ಕೂಲಿಯ ದುಡ್ಡು ಅವಳ ಕೈಗೆ. ಚಿಲುಮೆಗೆ ತಂಬಾಕು ಬೆರೆಸುತ್ತಿದ್ದರಿಂದ ಬೀಡಿಯನ್ನೂ ಬಿಟ್ಟ. ಬೀಡಿಯ ಹೊಗೆಯೇ ಗಾಂಜಾ ನೆನಪಿಸುತ್ತಿತ್ತಂತೆ. ನಡುವೆ ಒಮ್ಮೆ ಜಾತ್ರೆಯಲ್ಲಿ ಎರಡು ದಮ್ಮು ಎಳೆದ. ಅದೇ ರಾತ್ರಿ ಬಂದು ಹೇಳಿದ. "ಒಂದು ಸಾಲು ಕೆಟ್ಟರ ಇಡೀ ಹೊಲ ಹರಗೂದಿಲ್ಲಪಾ, ನಾಳಿಂದ ಮತ್ತ ಎಣಿಸು" ಅಂದೆ.

ನಮ್ಮ ಭಾಗದಲ್ಲಿ ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಊರೂರು ತಿರುಗಿ, ಜೋಳಿಗೆ ಒಡ್ಡಿ ಮಂದಿಯ ಚಟಗಳನ್ನೇ ಭಿಕ್ಷೆ ಬೇಡಿದರು. 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ನಾಲ್ಕು ಮಂದಿ ಮುಂದೆ ಕೊಟ್ಟ ಮಾತಿಗೆ ತೂಕ ಇರುತ್ತದೆ. ಆದರೆ ಜೋಳಿಗೆಗೆ ಹಾಕಿದ ಚಟ ತಿರುಗಿ ಬರದಂತೆ ಕಾಯುವುದು ಮನೆಯ, ಊರಿನ ಕೆಲಸ.

ಕೇಸಿನ ಹೆದರಿಕೆಗೆ ಚಿಕಿತ್ಸೆಗೆ ಹೋಗದವರೂ ಇದ್ದಾರೆ. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಬೆಳೆದರೆ 10 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಗೋವಿನಜೋಳದ ನಡುವೆ ನಾಲ್ಕು ಗಿಡ ಅಂತ ಹಗುರ ಮಾಡಬೇಡಿ. ಆದರೆ ಅದೇ ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಇಲ್ಲವೆ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ತಿ ಮಾಡಿಕೊಂಡರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. 2019ರಲ್ಲಿ ಬಂದ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ದೇಶದಲ್ಲಿ ಗಾಂಜಾ, ಭಂಗಿಯಿಂದ ತೊಂದರೆಗೆ ಬಿದ್ದು ಸಹಾಯ ಬೇಕಾದವರು ಸುಮಾರು 72 ಲಕ್ಷ. ನಾಚಿಕೊಳ್ಳುವ ಮಾತಿಲ್ಲ.

ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಮಗೆ ಹತ್ತಿರ. ಫೋನಿನಲ್ಲಾದರೆ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ.

ನಿಮ್ಮೂರಲ್ಲಿ ಈ ಶ್ರಾವಣ ಯಾರಾದರೂ ಬಿಟ್ಟರೆ, ಶ್ರಾವಣ ಮುಗಿದ ಮರುದಿನ ಸಂಜೆ ಅವನ ಮನೆಗೆ ಹೋಗಿ. ಹೊಲಕ್ಕೋ ಚಹಾಕ್ಕೋ ಕರಕೊಂಡು ಹೋಗಿ. ಅವತ್ತಿನ ಸಂಜೆ ದಾಟಿಸಿದರೆ ಮರುದಿನದ ಸಂಜೆ ಸ್ವಲ್ಪ ಹಗುರಾಗತೈತಿ.