ಎರಡು ಎಸ್‌ಎಸ್‌ಡಿ, ಒಂದೇ ಜಾತಕ

"ರೇಡ್ ಹಾಕಿಸಿದ್ದೀವಿ ಸಾರ್, ಡೇಟಾ ಬಗ್ಗೆ ಯೋಚನೆನೇ ಇಲ್ಲ." ಮದುವೆ ಫೋಟೊ ತೆಗೆಯುವ ಸ್ಟುಡಿಯೊ, ಆಡಿಟರ್ ಕಚೇರಿ, ಸಣ್ಣ ನರ್ಸಿಂಗ್ ಹೋಮ್, ಎಲ್ಲಿ ಹೋದರೂ ಇದೇ ಮಾತು. ಮೂಲೆಯಲ್ಲೊಂದು ಪೆಟ್ಟಿಗೆ. ಅದರೊಳಗೆ ಒಂದೇ ಕಂಪನಿಯ, ಒಂದೇ ಮಾಡೆಲ್ಲಿನ, ಒಂದೇ ಬಿಲ್ಲಿನಲ್ಲಿ ಕೊಂಡ ಎರಡು ಎಸ್‌ಎಸ್‌ಡಿ, ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆಯುವಂತೆ ಮಿರರ್ ಮಾಡಿಟ್ಟದ್ದು. ಒಂದು ಹೋದರೆ ಇನ್ನೊಂದಿದೆಯಲ್ಲ!

ಈ ಧೈರ್ಯದ ಹಿಂದೆ ಒಂದು ಗುಣಾಕಾರವಿದೆ. ಒಂದು ಡಿಸ್ಕ್ ವರ್ಷದೊಳಗೆ ಕೆಡುವ ಸಂಭವ ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ಎರಡೂ ಕೆಡುವ ಸಂಭವ ಹತ್ತು ಸಾವಿರಕ್ಕೆ ಒಂದು. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಒಂದರ ಸಾವಿಗೂ ಇನ್ನೊಂದರ ಸಾವಿಗೂ ಯಾವ ಸಂಬಂಧವೂ ಇಲ್ಲದಿದ್ದರೆ ಮಾತ್ರ ಅದು ಸಲ್ಲುತ್ತದೆ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ರೇಡ್ ಪ್ರಬಂಧ ಬರೆದಾಗ, ಡಿಸ್ಕುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆ ಎಂಬುದನ್ನು ಊಹೆಯೆಂದೇ ಹೇಳಿಕೊಂಡು ಲೆಕ್ಕ ಹಾಕಿದ್ದರು. ಆ ಊಹೆ ನಮ್ಮ ಅಂಗಡಿಗಳ ಕೌಂಟರಿಗೆ ಬರುವಷ್ಟರಲ್ಲಿ ಗ್ಯಾರಂಟಿಯಾಗಿಬಿಟ್ಟಿದೆ.

ಪ್ಯಾಟರ್ಸನ್ ತಂಡದ ಮುಂದಿದ್ದದ್ದು ತಿರುಗುವ ಡಿಸ್ಕುಗಳು. ಒಂದರ ಬೇರಿಂಗ್ ಸವೆಯುತ್ತದೆ, ಇನ್ನೊಂದರ ಹೆಡ್ ಗೀರುತ್ತದೆ, ಪ್ರತಿಯೊಂದಕ್ಕೂ ಅದರದೇ ಕಾಯಿಲೆ. ಎಸ್‌ಎಸ್‌ಡಿಯಲ್ಲಿ ಸವೆಯುವುದು ಫ್ಲ್ಯಾಶ್ ಕೋಶಗಳು, ಬರೆದು ಅಳಿಸಿದಷ್ಟೂ ಸವೆಯುತ್ತವೆ. ಮಿರರ್ ಮಾಡಿದವರು ಅದೇ ಡೇಟಾವನ್ನು ಅದೇ ಹೊತ್ತಿನಲ್ಲಿ ಎರಡಕ್ಕೂ ಬರೆಸಿ, ಎರಡನ್ನೂ ಸಮಸಮವಾಗಿ ಮುದಿಯಾಗಿಸುತ್ತಾರೆ. 2010ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನವರು ಇದೇ ಚಿಂತೆಯಿಂದ 'ಡಿಫರೆನ್ಷಿಯಲ್ ರೇಡ್' ಎಂಬ ಉಪಾಯ ಮುಂದಿಟ್ಟರು: ಕೆಟ್ಟ ಡಿಸ್ಕಿನ ಡೇಟಾ ಮರಳಿ ಕಟ್ಟಲು ಬರೆದಿಡುವ ಪ್ಯಾರಿಟಿಯನ್ನು ಬೇಕೆಂದೇ ಹೆಚ್ಚುಕಮ್ಮಿ ಹಂಚಿ, ಒಂದು ಡಿಸ್ಕ್ ಮೊದಲು ಮುದಿಯಾಗುವಂತೆ ನೋಡಿಕೊಳ್ಳುವುದು. ಹದಿನೈದು ವರ್ಷ ಕಳೆದರೂ ಅಂಗಡಿಯವನ ಸಲಹೆ ಮಾತ್ರ "ಎರಡೂ ಒಂದೇ ಬ್ಯಾಚ್ ತಗೊಳ್ಳಿ ಸಾರ್."

ಸವೆತವೇ ಬೇಡ, ಬಿಡಿ. 600 ಟಿಬಿ ಬರೆಯಬಹುದೆಂದು ವಾರಂಟಿ ಕೊಟ್ಟ 1 ಟಿಬಿ ಎಸ್‌ಎಸ್‌ಡಿಗೆ ದಿನಕ್ಕೆ 50 ಜಿಬಿ ಬರೆದರೂ ಆ ಮಿತಿ ಮುಟ್ಟಲು ಸುಮಾರು 33 ವರ್ಷ ಬೇಕು. ನಿಜವಾಗಿ ಹೆದರಬೇಕಾದದ್ದು ಡಿಸ್ಕಿನೊಳಗೆ ಕೂತು ಅದನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರ್‌ಗೆ. 2019ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ತನ್ನ ಗ್ರಾಹಕರಿಗೆ ಒಂದು ಎಚ್ಚರಿಕೆ ಕಳಿಸಿತು. ಸರ್ವರ್‌ಗಳಲ್ಲಿ ಬಳಸುವ ಅದರ ಕೆಲವು ಎಸ್‌ಎಸ್‌ಡಿಗಳು ಒಟ್ಟು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಚಾಲೂ ಇದ್ದ ಮೇಲೆ ಸತ್ತುಹೋಗುತ್ತವೆ. ಡಿಸ್ಕೂ ಸಿಗುವುದಿಲ್ಲ, ಡೇಟಾವೂ ಸಿಗುವುದಿಲ್ಲ. ಕೂಡಲೇ ಫರ್ಮ್‌ವೇರ್ ಬದಲಿಸಿಕೊಳ್ಳಿ. ಪ್ರೋಗ್ರಾಮಿಂಗ್ ಬಲ್ಲವರಿಗೆ ಆ ಸಂಖ್ಯೆ ನೋಡಿದೊಡನೆ ಗೊತ್ತಾಗುತ್ತದೆ: 16 ಬಿಟ್‌ನ, ಋಣಸಂಖ್ಯೆಗೂ ಜಾಗವಿರುವ ಲೆಕ್ಕ 32,767ಕ್ಕೆ ಮುಗಿಯುತ್ತದೆ. ಒಂದೇ ದಿನ ಚಾಲೂ ಮಾಡಿದ ಡಿಸ್ಕುಗಳು ಹೆಚ್ಚುಕಮ್ಮಿ ಒಟ್ಟಿಗೇ ಸಾಯಬಹುದು ಎಂದು ಆ ಎಚ್ಚರಿಕೆಯಲ್ಲೇ ಬರೆದಿತ್ತು. ಮಿರರ್ ಮಾಡಿದ ಜೋಡಿಯನ್ನು ಒಂದೇ ದಿನವಲ್ಲದೆ ಬೇರೆ ಯಾವಾಗ ಚಾಲೂ ಮಾಡುತ್ತಾರೆ? 2020ರ ಮಾರ್ಚಿನಲ್ಲಿ ಅದೇ ಸಂಸ್ಥೆಯಿಂದ ಎರಡನೆಯ ಎಚ್ಚರಿಕೆ ಬಂತು, ಬೇರೆ ಮಾಡೆಲ್ಲುಗಳಿಗೆ. ಈ ಸಲದ ಗಡುವು 40,000 ಗಂಟೆ. ಒಂದೇ ಮುಹೂರ್ತದಲ್ಲಿ ಹುಟ್ಟಿದವರ ಆಯುಷ್ಯವೂ ಒಂದೇ ಎಂದು ಯಾವ ಜೋಯಿಸರೂ ಇಷ್ಟು ಕರಾರುವಾಕ್ಕಾಗಿ ಹೇಳಿರಲಾರರು.

ಒಂದು ಸತ್ತು ಇನ್ನೊಂದು ಉಳಿದರೂ ಗೆದ್ದಂತಲ್ಲ. ಹೊಸ ಡಿಸ್ಕ್ ತುಂಬಿಸಬೇಕಾದರೆ ಉಳಿದದ್ದನ್ನು ಮೊದಲಿಂದ ಕೊನೆಯವರೆಗೆ ಓದಬೇಕು, ಓದಲಾಗದ ಭಾಗಗಳು ಬೆಳಕಿಗೆ ಬರುವುದು ಆಗಲೇ. ಗೂಗಲ್ ದತ್ತಾಂಶ ಕೇಂದ್ರಗಳ ಎಸ್‌ಎಸ್‌ಡಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ನಾಲ್ಕು ವರ್ಷಗಳಲ್ಲಿ ಸರಿಪಡಿಸಲಾಗದ ದೋಷವನ್ನು ಒಮ್ಮೆಯಾದರೂ ಕಂಡ ಡಿಸ್ಕುಗಳ ಪ್ರಮಾಣ ಮಾಡೆಲ್ಲಿಗೆ ತಕ್ಕಂತೆ ಶೇ. 20ರಿಂದ 63ರಷ್ಟಿತ್ತು. ಹಾರ್ಡ್ ಡಿಸ್ಕ್‌ಗಿಂತ ಅವನ್ನು ಬದಲಿಸಬೇಕಾಗಿ ಬಂದದ್ದು ಕಡಿಮೆ ಎಂಬುದೂ ನಿಜ. ಜನ ನೆನಪಿಟ್ಟುಕೊಳ್ಳುವುದು ಈ ಎರಡನೆಯ ಸುದ್ದಿಯನ್ನು ಮಾತ್ರ.

ಇನ್ನು, ಎರಡೂ ಡಿಸ್ಕ್ ಗಟ್ಟಿಮುಟ್ಟಾಗಿದ್ದಾಗಲೇ ಡೇಟಾ ಹೋಗುವ ದಾರಿಗಳು ಬೇಕಾದಷ್ಟಿವೆ. ಹುಡುಗ ತಪ್ಪು ಫೋಲ್ಡರ್ ಅಳಿಸಿದರೆ ಮಿರರ್ ಅದನ್ನೂ ನಿಷ್ಠೆಯಿಂದ ಎರಡೂ ಕಡೆ ಅಳಿಸುತ್ತದೆ. ರ‍್ಯಾನ್ಸಮ್‌ವೇರ್ ಬೀಗ ಹಾಕಿದರೆ ಎರಡಕ್ಕೂ ಬೀಗ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿದಾಗ, ಆ ಸಂಸ್ಥೆ ನಂಬಿದ್ದ ಬ್ಯಾಕಪ್ ವ್ಯವಸ್ಥೆಗಳು ಒಂದಾದ ಮೇಲೊಂದು ಕೈಕೊಟ್ಟವು. ಆರು ತಾಸು ಮುಂಚೆ ಕೈಯಾರೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್ ಇದ್ದದ್ದರಿಂದ ಉಳಿದುಕೊಂಡರು. ರೇಡ್ ಮಿರರ್ ಇರುವುದು ಒಂದು ಡಿಸ್ಕ್ ಕೆಟ್ಟಾಗಲೂ ಕೆಲಸ ನಿಲ್ಲದಿರಲಿ ಎಂದು. ನಿನ್ನೆಯ ಫೈಲು ಮರಳಿ ಕೊಡುವ ಕೆಲಸವನ್ನು ಅದಕ್ಕೆ ಯಾರೂ ಒಪ್ಪಿಸಿಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. "ಹೆಲ್ತ್ 98 ಪರ್ಸೆಂಟ್" ಎಂಬ ಆ್ಯಪ್ ಸಾಮಾನ್ಯವಾಗಿ ಹೇಳುವುದು ಸವೆತವನ್ನಷ್ಟೆ, ಡಿಸ್ಕನ್ನು ನಡೆಸುವ ಕಂಟ್ರೋಲರ್ ಚಿಪ್ ನಾಳೆ ಸಾಯುತ್ತದೋ ಅದಕ್ಕೇನು ಗೊತ್ತು. ಕರೆಂಟಿಲ್ಲದೆ ವಾರ ಬಿಟ್ಟರೆ ಎಸ್‌ಎಸ್‌ಡಿ ಖಾಲಿಯಾಗುತ್ತದೆ ಎಂಬ ವಾಟ್ಸ್ಆ್ಯಪ್ ಸುದ್ದಿ ಬುರುಡೆ: ಜೆಡೆಕ್ ಮಾನದಂಡದಂತೆ ಮನೆಬಳಕೆಯ ಎಸ್‌ಎಸ್‌ಡಿ ಬರಹದ ಮಿತಿ ಮುಗಿಸಿದ ಮೇಲೂ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಡಬೇಕು.

ನಮ್ಮವರ ವಿಚಿತ್ರ ನೋಡಿ. ಐವತ್ತು ರೂಪಾಯಿಯ ಮಾವಿನಹಣ್ಣನ್ನು ಮೂಸಿ, ಒತ್ತಿ, ತಿರುಗಿಸಿ ಕೊಳ್ಳುತ್ತಾರೆ. ಹತ್ತು ವರ್ಷದ ದುಡಿಮೆಯನ್ನು ಮಾತ್ರ ಮಿನುಗುವ ಹಸಿರು ದೀಪ ನಂಬಿ ಪೆಟ್ಟಿಗೆಯಲ್ಲಿಟ್ಟು ಮರೆಯುತ್ತಾರೆ. ಆಯುಧಪೂಜೆಯ ದಿನ ಆ ಪೆಟ್ಟಿಗೆಗೂ ಕುಂಕುಮ ಬೀಳುತ್ತದೆ. ಅದಕ್ಕೆ ನನ್ನ ತಕರಾರಿಲ್ಲ, ವರ್ಷಕ್ಕೊಮ್ಮೆಯಾದರೂ ಯಾರೋ ಅದರ ಮುಖ ನೋಡಿದಂತಾಯಿತು. ಬ್ಯಾಕಪ್ಪಿನಿಂದ ಒಂದು ಫೈಲು ವಾಪಸ್ ತೆಗೆದು ನೋಡಿದ್ದೀರಾ ಎಂದು ಕೇಳಿದರೆ ಮಾತ್ರ ಅಪಶಕುನ ನುಡಿದವನಂತೆ ನೋಡುತ್ತಾರೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಮಿರರ್ ಇರಲಿ. ಅದರ ಜೊತೆಗೆ ವಾರಕ್ಕೊಮ್ಮೆಯಾದರೂ ಹೊರಗಿನ ಡಿಸ್ಕಿಗೆ ನಕಲು ತೆಗೆದು, ಕೇಬಲ್ ಕಿತ್ತು, ಬೇರೆ ಕಟ್ಟಡದಲ್ಲಿಡಿ. ಫರ್ಮ್‌ವೇರ್ ಆಗಾಗ ನೋಡಿ. ಜೋಡಿಯ ಎರಡು ಎಸ್‌ಎಸ್‌ಡಿಗಳನ್ನು ಬೇರೆ ಬೇರೆ ಕಂಪನಿಯದೇ ಕೊಳ್ಳಿ. "ಮ್ಯಾಚ್ ಆಗಲ್ಲ ಸಾರ್" ಎಂದು ಅಂಗಡಿಯವನು ತಲೆಯಾಡಿಸುತ್ತಾನೆ. ಆಗುತ್ತದೆ. ಚಿಕ್ಕದರ ಅಳತೆಗೆ ದೊಡ್ಡದು, ನಿಧಾನದ್ದರ ವೇಗಕ್ಕೆ ಚುರುಕಿನದು ಹೊಂದಿಕೊಳ್ಳುತ್ತದೆ. ಒಂದಷ್ಟು ಜಿಬಿ ದಂಡವಾಗಬಹುದು, ಅಷ್ಟೆ.