ಚಾರ್ಜರ್ ಕೊಳ್ಳುವ ಗೃಹಸ್ಥರಿಗೆ ಕೆಲವು ಮಾತುಗಳು

ಇಂದು ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಾಗಲಿ ಯುಎಸ್‌ಬಿ ಚಾರ್ಜರ್ ಇಲ್ಲದ ಮನೆಯು ವಿರಳ. ಬೆಂಕಿಪೆಟ್ಟಿಗೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡುವ ಗೃಹಿಣಿಯು ಸಹ ರಾತ್ರಿಯೆಲ್ಲ ಹಾಸಿಗೆಯ ಮಗ್ಗುಲಲ್ಲಿ ಬಿಸಿಯಾಗುತ್ತಿರುವ ಈ ಪುಟ್ಟ ಉಪಕರಣವನ್ನು ಲಕ್ಷಿಸುವುದಿಲ್ಲ. ಆದುದರಿಂದ ಈ ವಿಷಯವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಚಾರ್ಜರು ಅದನ್ನು ಸಾಮಾನ್ಯವಾಗಿ 5 ವೋಲ್ಟಿಗೆ ಇಳಿಸುತ್ತದೆ. ಒಳ್ಳೆಯ ಚಾರ್ಜರಿನಲ್ಲಿ ಇವೆರಡರ ನಡುವೆ ಭದ್ರವಾದ ತಡೆಯಿರುವುದು. ಅಗ್ಗದ ನಕಲಿಯಲ್ಲಿ ಆ ತಡೆಯು ದುರ್ಬಲವಾಗಿದ್ದು ಮುರಿದುಹೋದರೆ, 230 ವೋಲ್ಟು ಫೋನು ಹಿಡಿದ ಕೈಗೇ ತಲುಪಬಹುದು. ಹೆಚ್ಚು ಆಂಪಿಯರಿನ ಚಾರ್ಜರು ಫೋನನ್ನು ಸುಡುವುದೆಂದು ಹಲವರು ಅಂಜುವರು. ಅದು ನಿಜವಲ್ಲ, ಸುಸ್ಥಿತಿಯಲ್ಲಿರುವ ಫೋನು ತನಗೆ ಬೇಕಾದಷ್ಟನ್ನೇ ಸೆಳೆದುಕೊಳ್ಳುವುದು. ಅಂಜತಕ್ಕದ್ದು ನಕಲಿಗೆ.

ಫೋನಿನೊಳಗಿನ ಲಿಥಿಯಂ ಬ್ಯಾಟರಿಯು ಸಾಮಾನ್ಯವಾಗಿ 4.2 ವೋಲ್ಟನ್ನು ಬಹಳವಾಗಿ ಮೀರಲಾಗದು. ಮೀರಿದರೆ ಉಬ್ಬಿ, ಬಿಸಿಯೇರಿ ಉರಿಯಬಹುದು. ಫೋನಿನಲ್ಲಿ ಇದನ್ನು ಕಾಯುವ ವ್ಯವಸ್ಥೆಯಿದೆ. ಇಲೆಕ್ಟ್ರಾನಿಕ್ ಸಿಗರೇಟಿನಲ್ಲಿಯೂ ಇಂಥದೇ ಬ್ಯಾಟರಿಯಿದ್ದರೂ, ಕೆಲವು ಬಗೆಗಳಲ್ಲಿ ಆ ಕಾವಲು ಸಿಗರೇಟಿನಲ್ಲಿರದೆ ಅದರೊಡನೆ ಬಂದ ತಂತಿಯಲ್ಲಿರುತ್ತದೆ. ತಂತಿ ಬದಲಾಯಿತೆಂದರೆ ಕಾವಲೂ ಹೋಯಿತು. ಅಮೆರಿಕದ ಅಗ್ನಿಶಾಮಕ ಇಲಾಖೆಯ 2017ರ ವರದಿಯು 2009ರಿಂದ 2016ರವರೆಗೆ ಇಂಥ ಸಿಗರೇಟುಗಳಿಂದಾದ 195 ಸ್ಫೋಟ ಹಾಗೂ ಬೆಂಕಿಯ ಪ್ರಸಂಗಗಳನ್ನು ಎಣಿಸಿದೆ. ಅವುಗಳಲ್ಲಿ 48 ಚಾರ್ಜ್ ಮಾಡುತ್ತಿರುವಾಗಲೇ ಆದವು.

ಹಾಗಾದರೆ ಇದಕ್ಕೆ ತಕ್ಕ ಚಾರ್ಜರು ಯಾವುದು? ನಮ್ಮಲ್ಲಿ ಈ ಪ್ರಶ್ನೆಗೆ ಎಡೆಯೇ ಇಲ್ಲ. ಕರ್ನಾಟಕವು 2016ರಲ್ಲಿಯೂ, ಕೇಂದ್ರ ಸರ್ಕಾರವು 2019ರ ಕಾಯಿದೆಯಿಂದ ದೇಶಕ್ಕೆಲ್ಲ ಅನ್ವಯಿಸುವಂತೆಯೂ ಈ ವಸ್ತುವನ್ನು ನಿಷೇಧಿಸಿವೆ. ಮಾರುವವನಿಗೆ ಮೊದಲನೆಯ ಅಪರಾಧಕ್ಕೇ ಒಂದು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಕದ್ದು ಬರುವ ಸರಕಿಗೆ ಪರೀಕ್ಷೆಯೂ ಇಲ್ಲ, ಕೇಳುವ ಧಣಿಯೂ ಇಲ್ಲ. ಗುಟ್ಟಾಗಿ ತಂದ ಹುಡುಗನು ಅದನ್ನು ಗುಟ್ಟಾಗಿಯೇ ಹೊದಿಕೆಯ ಮರೆಯಲ್ಲಿ ಚಾರ್ಜ್ ಮಾಡುವನು. ಇಲ್ಲಿಯೇ ಅಪಾಯವು ಇಮ್ಮಡಿಸುವುದು. ಅಂಥ ಕಡ್ಡಿಯೊಂದು ಮನೆಯಲ್ಲಿ ಕಂಡುಬಂದರೆ ತಂದೆತಾಯಿಗಳು ಮೊದಲು ಸ್ವಿಚ್ಚನ್ನು ಆರಿಸಲಿ. ಆಮೇಲೆ ಮಗನೊಡನೆ ಶಾಂತವಾಗಿ ಮಾತನಾಡಲಿ. ಬೈಗುಳಕ್ಕೆ ಹೆದರಿದ ಮಗನು ಅದನ್ನು ಮತ್ತೆ ದಿಂಬಿನಡಿಯಲ್ಲಿಯೇ ಅಡಗಿಸುವನು.

ಇನ್ನು ಫೋನು, ಟಾರ್ಚು ಮುಂತಾದವುಗಳಿಗೆ ಚಾರ್ಜರ್ ಕೊಳ್ಳುವಾಗ ಅದರ ಮೈಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತನ್ನು ನೋಡತಕ್ಕದ್ದು. ಐಎಸ್ ಸಂಖ್ಯೆಯ ಜೊತೆಗೆ ‘ಆರ್’ ಅಕ್ಷರವೂ ಅದರ ಮುಂದೆ ಎಂಟು ಅಂಕಿಗಳೂ ಇರಬೇಕು. ಗುರುತನ್ನು ನಕಲು ಮಾಡುವವರೂ ಇರುವುದರಿಂದ, ಆ ಸಂಖ್ಯೆಯನ್ನು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿ ತಾಳೆ ನೋಡಬಹುದು. ಕಂಪನಿಯ ಹೆಸರು ಹೊಂದದಿದ್ದರೆ ಅಂಗಡಿಗೆ ಹಿಂದಿರುಗಿಸಿರಿ. ರಸೀದಿ ಕೇಳಲು ಸಂಕೋಚವು ಬೇಡ.

ಎಲ್ಲಿಡಬೇಕೆಂಬುದೂ ಮುಖ್ಯ. ಹತ್ತಿ ಬೆಳೆಯುವ ನಮ್ಮ ಸೀಮೆಯಲ್ಲಿ ಬಿಡಿಸಿದ ಹತ್ತಿಯನ್ನು ಮಾರುವವರೆಗೆ ಮನೆಯಲ್ಲಿಯೇ ರಾಶಿ ಹಾಕುವುದುಂಟು. ಅಂಥ ಕೋಣೆಯಲ್ಲಿ ಎಂದಿಗೂ ಚಾರ್ಜ್ ಮಾಡಕೂಡದು. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಚಾರ್ಜ್ ಮಾಡಬಾರದು. ರಾಯಚೂರಿನ ಬೇಸಗೆಯಲ್ಲಿ ನೆರಳಿನ ಶಾಖವೇ 40 ಡಿಗ್ರಿ ದಾಟುವಾಗ ಬಿಸಿಲು ಬೀಳುವ ಕಿಟಕಿಯ ಬಳಿಯ ಮಾತೇನು? ಗಾಳಿಯಾಡುವ ಕಡೆ, ಬರಿಯ ಕಲ್ಲುಹಾಸಿನ ಮೇಲೆ, ಎಲ್ಲರೂ ಎಚ್ಚರವಿರುವ ವೇಳೆಯಲ್ಲಿ ಇಡುವುದು ಲೇಸು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಮತ್ತೆ ಬಳಸಲೂಬಾರದು. ಹೊಗೆ ಕಂಡರೆ, ಸಾಧ್ಯವಾದಲ್ಲಿ ಮೈನ್ ಸ್ವಿಚ್ ಆರಿಸಿ, ಮಕ್ಕಳನ್ನು ಹೊರಗೆ ಕಳುಹಿಸಿ, 112ಕ್ಕೆ ಕರೆಮಾಡಿರಿ.

ಒಲೆಯ ಬೆಂಕಿಯನ್ನು ಆರಿಸಿಯೇ ಮಲಗುವುದು ನಮ್ಮ ಹಿರಿಯರ ಪದ್ಧತಿ. ಇಂದಿನ ಗೃಹಸ್ಥರು ಈ ಪುಟ್ಟ ಒಲೆಗೂ ಅದೇ ಪದ್ಧತಿಯನ್ನು ಅನ್ವಯಿಸಿದರೆ ಮನೆಗೂ ಕ್ಷೇಮ, ಮಕ್ಕಳಿಗೂ ಕ್ಷೇಮ.