ಕಸಿಯಾದ ಯಕೃತ್ತು ಮತ್ತು ಒಂದು ಸಣ್ಣ ಅಪಧಮನಿ

ಯಕೃತ್ತಿನ ಕಸಿ ಮುಗಿದು ರೋಗಿ ಐಸಿಯುಗೆ ಬಂದ ಕೂಡಲೇ ಮನೆಯವರು ಕೇಳುವುದು, ‘ಹೊಸ ಲಿವರ್‌ ಅನ್ನು ದೇಹ ಒಪ್ಪಿಕೊಂಡಿತಾ ಡಾಕ್ಟ್ರೇ?’ ಎಂದು. ಆ ಮೊದಲ ದಿನಗಳಲ್ಲಿ ವೈದ್ಯರಿಗೆ ಅಷ್ಟೇ ಆತಂಕದ ಇನ್ನೊಂದು ವಿಷಯವಿರುತ್ತದೆ: ಹೊಲಿದು ಜೋಡಿಸಿದ ರಕ್ತನಾಳಗಳಲ್ಲಿ ರಕ್ತ ಸರಾಗವಾಗಿ ಓಡುತ್ತಿದೆಯೇ?

ಯಕೃತ್ತಿಗೆ ರಕ್ತ ಎರಡು ಕಡೆಯಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳು, ಗುಲ್ಮಗಳಿಂದ ಪೋರ್ಟಲ್ ಅಭಿಧಮನಿಯ ಮೂಲಕ. ಉಳಿದದ್ದು ಯಕೃತ್ತಿನ ಅಪಧಮನಿಯ ಮೂಲಕ. ಪಾಲು ಕಡಿಮೆಯಾದರೂ ಪಿತ್ತನಾಳಗಳು ಬದುಕುವುದು ಈ ಅಪಧಮನಿಯ ರಕ್ತದಿಂದಲೇ. ನಮ್ಮ ನಿಮ್ಮಲ್ಲಿ ಸುತ್ತಲಿನ ಸಣ್ಣಪುಟ್ಟ ನಾಳಗಳೂ ಅವಕ್ಕೆ ಒತ್ತಾಸೆಯಾಗಿರುತ್ತವೆ. ದಾನಿಯ ದೇಹದಿಂದ ಯಕೃತ್ತನ್ನು ಬಿಡಿಸುವಾಗ ಅವೆಲ್ಲ ಕತ್ತರಿಸಿ ಹೋಗುತ್ತವೆ. ಆಮೇಲೆ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತೆಂದರೆ ಪಿತ್ತನಾಳಗಳಿಗೆ ಬೇರೆ ಗತಿಯಿಲ್ಲ: ಗೋಡೆ ಸತ್ತು ಪಿತ್ತ ಸೋರುತ್ತದೆ, ಒಳಗೆ ಕೀವು ಕಟ್ಟುತ್ತದೆ, ಇಡೀ ಯಕೃತ್ತೇ ಕೆಲಸ ನಿಲ್ಲಿಸಿ ಮತ್ತೊಂದು ಕಸಿ ಬೇಕಾಗಬಹುದು. ಕಸಿಯ ನಂತರದ ರಕ್ತನಾಳದ ತೊಡಕುಗಳಲ್ಲಿ ಹೆಚ್ಚು ಕಾಣುವುದೂ, ಹೆಚ್ಚು ಹಾನಿ ಮಾಡುವುದೂ ಇದೇ.

ನಮ್ಮ ದೇಶದಲ್ಲಿ ಬಹುಪಾಲು ಕಸಿಗಳು ಜೀವಂತ ದಾನಿಗಳಿಂದ ನಡೆಯುತ್ತವೆ. ಅಮ್ಮನೋ ಅಣ್ಣನೋ ಕೊಟ್ಟ ಯಕೃತ್ತಿನ ತುಂಡಿನಲ್ಲಿ ಅಪಧಮನಿ ಹಲವು ಸಲ 2–3 ಮಿಲಿಮೀಟರ್ ಅಗಲವಷ್ಟೇ, ಉದ್ದವೂ ಕಡಿಮೆ. ತಲೆಗೂದಲಿಗಿಂತ ಸಪೂರವಾದ ದಾರದಿಂದ, ಸೂಕ್ಷ್ಮದರ್ಶಕ ಅಥವಾ ಭೂತಗನ್ನಡಿಯ ನೆರವಿನಿಂದ ಅದನ್ನು ಹೊಲಿಯುತ್ತಾರೆ. ಮಕ್ಕಳಲ್ಲಿ ನಾಳಗಳು ಇನ್ನೂ ಕಿರಿದು. ಹೆಪ್ಪುಗಟ್ಟುವ ಅಪಾಯ ಅವರಲ್ಲಿ ಹೆಚ್ಚು.

ಜ್ವರ, ರಕ್ತಪರೀಕ್ಷೆಯಲ್ಲಿ ಏರಿದ ಯಕೃತ್ತಿನ ಕಿಣ್ವಗಳು ಇದರ ಸುಳಿವು ಕೊಡಬಹುದು, ಕೊಡದೆಯೂ ಇರಬಹುದು. ಅದಕ್ಕಾಗಿಯೇ ಮೊದಲ ದಿನಗಳಲ್ಲಿ ಹಾಸಿಗೆಯ ಬಳಿಗೇ ಡಾಪ್ಲರ್ ಸ್ಕ್ಯಾನ್ ಯಂತ್ರ ಬರುತ್ತದೆ. ಬಲ ಪಕ್ಕೆಲುಬಿನ ಸಂದಿನಲ್ಲಿ ಜೆಲ್ ಸವರಿದ ಪ್ರೋಬ್ ಇಟ್ಟು ವೈದ್ಯರು ಪರದೆಯ ಮೇಲೆ ರಕ್ತದ ಹರಿವಿನ ಅಲೆಯನ್ನು ನೋಡುತ್ತಾರೆ. ಆರೋಗ್ಯವಂತ ಅಪಧಮನಿಯ ಅಲೆ ಪ್ರತಿ ಬಡಿತಕ್ಕೂ ಥಟ್ಟನೆ ಮೇಲೇರುತ್ತದೆ. ನಾಳ ಕಿರಿದಾಗಿದ್ದರೆ ಅದರಾಚೆಗೆ ನಿಧಾನವಾಗಿ ಏರಿ, ಕುಳ್ಳಗೆ, ದುಂಡಗೆ ಕಾಣುತ್ತದೆ. ಅಲೆಯೇ ಸಿಗದಿದ್ದರೆ ತಡಮಾಡುವಂತಿಲ್ಲ. ಸಿಟಿ ಆಂಜಿಯೋಗ್ರಾಂ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ, ಕೆಲವೊಮ್ಮೆ ನೇರವಾಗಿ ಆಪರೇಷನ್ ಥಿಯೇಟರಿಗೇ ಒಯ್ಯುತ್ತಾರೆ. ಬೇಗ ತಿಳಿದರೆ ಹೆಪ್ಪು ತೆಗೆದು ನಾಳವನ್ನು ಮತ್ತೆ ಹೊಲಿಯಬಹುದು, ಕ್ಯಾತಿಟರ್ ತೂರಿಸಿ ಹೆಪ್ಪು ಕರಗಿಸಬಹುದು, ಕಿರಿದಾದ ಕಡೆ ಸ್ಟೆಂಟ್ ಇಡಬಹುದು. ‘ಇಷ್ಟೊಂದು ಸ್ಕ್ಯಾನ್ ಯಾಕೆ?’ ಎಂದು ನೊಂದುಕೊಳ್ಳುವ ಬಂಧುಗಳಿಗೆ ಇದನ್ನು ಆಪರೇಷನ್ನಿಗೆ ಮುಂಚೆಯೇ ಬಿಡಿಸಿ ಹೇಳಬೇಕು.

ಪೋರ್ಟಲ್ ಅಭಿಧಮನಿಯ ತೊಡಕು ಇದಕ್ಕಿಂತ ಅಪರೂಪ. ರಕ್ತ ಹೊರಹೋಗುವ ಅಭಿಧಮನಿ ಕಿರಿದಾದರೆ ಯಕೃತ್ತು ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕಿರಿದಾದ ಆ ನಾಳವನ್ನು ಬಲೂನಿನಿಂದ ಹಿಗ್ಗಿಸುವುದುಂಟು.

ಅಪಧಮನಿ ತಿಂಗಳುಗಳ, ವರ್ಷಗಳ ನಂತರವೂ ಸದ್ದಿಲ್ಲದೆ ಮುಚ್ಚಬಹುದು. ಆರಾಮಾಗಿದ್ದೇನೆಂದು ತಪಾಸಣೆ ತಪ್ಪಿಸಬಾರದು. ವೈದ್ಯರು ಆಸ್ಪಿರಿನ್ ಬರೆದುಕೊಟ್ಟಿದ್ದರೆ ತಾವಾಗಿಯೇ ನಿಲ್ಲಿಸಬಾರದು. ಬೀಡಿ, ಸಿಗರೇಟು ಈ ಅಪಾಯವನ್ನು ಹೆಚ್ಚಿಸುತ್ತವೆ. ಅವನ್ನು ಕಸಿಗೆ ಮೊದಲೇ ಬಿಡಬೇಕು.